ಹೊಲದಲ್ಲಿ ಸಿಕ್ಕ ಹುಲಿ ಗುಂಡಿ (ಬಟನ್): ಯಾವ ಕಾಲದ್ದು, ಯಾರ ಕೋಟಿನದು?

ಲೆಸ್ಟರ್ ಹೊಲಗಾರ

ಎಲ್ಲರಿಗೂ ನಮಸ್ಕಾರ. ನಾನು ತಿಪಟೂರಿನ ಕಡೆಯವನು. ಈಗ ಇಂಗ್ಲೆಂಡಿನ ಲೆಸ್ಟರ್ ಹತ್ತಿರ ಇದ್ದೇನೆ. ಮೆಟಲ್ ಡಿಟೆಕ್ಟರ್ ಹಿಡಿದು ಎರಡು ವರ್ಷ ಆಯಿತು. ನಾಣ್ಯ ಸಿಗೋದು ಕಡಿಮೆ, ಗುಂಡಿಯೇ ಜಾಸ್ತಿ. ಸುಮಾರು 120 ಗುಂಡಿ ಐಸ್‌ಕ್ರೀಂ ಡಬ್ಬಿಯಲ್ಲಿ ಬಿದ್ದಿವೆ. ಇಷ್ಟು ದಿನ ಅವನ್ನು ಸರಿಯಾಗಿ ನೋಡಿಯೇ ಇರಲಿಲ್ಲ.

ಕಳೆದ ಶನಿವಾರ ಸಿಕ್ಕಿದ್ದು ಮಾತ್ರ ನಿದ್ದೆ ಕೆಡಿಸಿದೆ. ಗೋಧಿ ಕೊಯ್ದ ಕೂಳೆ ಹೊಲ. ರೈತರ ಒಪ್ಪಿಗೆ ಇದೆ. ಬೇಲಿಯಿಂದ ಇಪ್ಪತ್ತು ಹೆಜ್ಜೆ ಒಳಗೆ ಗಟ್ಟಿ ಸದ್ದು ಬಂತು. ಅರ್ಧ ಗೇಣು ಆಳಕ್ಕೆ ಸಲಿಕೆ ಹಾಕಿ ಹೆಂಟೆ ಒಡೆದೆ. ಹಸಿರುಗಟ್ಟಿದ ದುಂಡನೆ ತುಂಡು. ಹೆಬ್ಬೆರಳಿನಿಂದ ಮಣ್ಣು ಸರಿಸಿದಾಗ ಮೊದಲು ಬಾಲ ಕಂಡಿತು, ಆಮೇಲೆ ಪಟ್ಟೆ. ಹುಲಿ! ಸುತ್ತ ಎಲೆಗಳ ಹಾರ. ಅಂಚಿನಲ್ಲಿ ಏನೋ ಅಕ್ಷರ ಇದೆ, ಓದಲು ಬರುತ್ತಿಲ್ಲ. ಅಗಲ 24 ಮಿಲಿಮೀಟರ್. ಮುಖ ಉಬ್ಬಿದೆ.

ನಮ್ಮ ಕಡೆಯವರಿಗೆ ಹುಲಿ ಅಂದರೆ ಮೊದಲು ನೆನಪಾಗೋದು ಟಿಪ್ಪು ಅಲ್ವಾ? ಶ್ರೀರಂಗಪಟ್ಟಣದ ಯುದ್ಧಕ್ಕೆ ಹೋಗಿ ಬಂದ ಯಾರದ್ದಾದರೂ ಕೋಟಿನದಾ ಇದು? ತಿಳಿದವರು ಹೇಳಿ. ಮುಖದ ಫೋಟೋ ಹಾಕಿದ್ದೇನೆ.

ಗುಂಡಿಪೆಟ್ಟಿಗೆ

ತುಂಬಾ ಒಳ್ಳೆಯದು ಸಿಕ್ಕಿದೆ. ನಾನು ನಾಟಿಂಗ್‌ಹ್ಯಾಮ್ ಕಡೆ ಹದಿನಾಲ್ಕು ವರ್ಷದಿಂದ ಹುಡುಕುತ್ತಿದ್ದೇನೆ, ಇನ್ನೂ ನನಗೆ ಹುಲಿ ಸಿಕ್ಕಿಲ್ಲ. ಆದರೆ ಒಂದು ಮಾತು. ನೀವು ಮುಖದ ಫೋಟೋ ಮಾತ್ರ ಹಾಕಿದ್ದೀರಿ. ದಯವಿಟ್ಟು ಹಿಂಬದಿಯದ್ದೂ ಹಾಕಿ. ಗುಂಡಿಯ ಮುಖ ಯಾರದ್ದು ಅಂತ ಹೇಳುತ್ತೆ. ಯಾವಾಗಿನದು ಅಂತ ಹೇಳೋದು ಬೆನ್ನು.

ತೊಳೆಯಬೇಡಿ. ಹಾಗೇ ಇರಲಿ.

ಟಿಪ್ಪು ವಿಚಾರಕ್ಕೆ ಬರೋಣ. ಬ್ರಿಟಿಷ್ ಸೈನ್ಯದ ಲೆಸ್ಟರ್‌ಶೈರ್ ರೆಜಿಮೆಂಟಿನ ಗುರುತೇ ಹುಲಿ ಆಗಿತ್ತು. ಅದರ ಹಳೆಯ ಹೆಸರು 17ನೇ ಕಾಲಾಳು ರೆಜಿಮೆಂಟ್. ಅದು ಭಾರತದಲ್ಲಿ ಇದ್ದದ್ದು 1804ರಿಂದ 1823ರವರೆಗೆ. ಆ ಸೇವೆಗಾಗಿ 1825ರಲ್ಲಿ ಅವರಿಗೆ 'ರಾಯಲ್ ಟೈಗರ್' ಚಿಹ್ನೆ ಮತ್ತು 'ಹಿಂದೂಸ್ತಾನ್' ಅನ್ನೋ ಪದ ಸಿಕ್ಕಿತು. ಟಿಪ್ಪು ತೀರಿಕೊಂಡದ್ದು 1799ರ ಮೇ 4ರಂದು. ಅಂದರೆ ಇವರು ಭಾರತಕ್ಕೆ ಬರುವ ಹೊತ್ತಿಗೆ ಐದು ವರ್ಷ ಕಳೆದಿತ್ತು. ಲೆಸ್ಟರ್‌ನ ರಗ್ಬಿ ತಂಡವನ್ನು ಟೈಗರ್ಸ್ ಅಂತ ಕರೆಯೋದು ಈ ರೆಜಿಮೆಂಟಿನಿಂದಲೇ ಬಂತು ಅಂತ ಅಲ್ಲಿನವರು ಹೇಳುತ್ತಾರೆ.

ಆದರೆ ಹುಲಿ ಕಂಡ ಕೂಡಲೇ ಲೆಸ್ಟರ್ ಅಂತ ಹೇಳೋಕೂ ಆಗಲ್ಲ. 65ನೇ, 67ನೇ, 75ನೇ ರೆಜಿಮೆಂಟುಗಳಿಗೂ ಭಾರತದ ಸೇವೆಗೆ ಹುಲಿ ಕೊಟ್ಟಿದ್ದರು. 75ನೆಯವರು ಶ್ರೀರಂಗಪಟ್ಟಣದಲ್ಲಿ ನಿಜವಾಗಿಯೂ ಇದ್ದರು. ಹಾಗಾಗಿ ನಿಮ್ಮ ಅನುಮಾನ ಪೂರ್ತಿ ತಪ್ಪಲ್ಲ, ಗುಂಡಿ ಬೇರೆ ಆಗಿರಬೇಕಿತ್ತು ಅಷ್ಟೆ. ಹುಲಿಯ ಜೊತೆ ಗುಲಾಬಿ ಹೂವು ಇದೆಯಾ ನೋಡಿ. ಇದ್ದರೆ ಯಾರ್ಕ್ ಅಂಡ್ ಲ್ಯಾಂಕಾಸ್ಟರ್ ರೆಜಿಮೆಂಟ್ ಇರಬಹುದು, 65ನೆಯದು ಮುಂದೆ ಅದರಲ್ಲಿ ಸೇರಿತು.

ಲೆಸ್ಟರ್ ಹೊಲಗಾರ

ಗುಲಾಬಿ ಇಲ್ಲ ಸರ್. ಲೆನ್ಸ್ ಹಿಡಿದು ನೋಡಿದೆ. ಹುಲಿ, ಹಾರ, ಅಂಚಿನಲ್ಲಿ ಕೊನೆಗೆ 'ಶೈರ್' ಅಂತ ಕಾಣುತ್ತೆ.

ಹಿಂಬದಿ ಫೋಟೋ ಹಾಕಿದ್ದೇನೆ. ತಂತಿಯ ಕೊಂಡಿ ಇದೆ, ಸ್ವಲ್ಪ ಬಗ್ಗಿದೆ. ಕೊಂಡಿಯ ಒಳಗೆ ಹಸಿರು ಗಂಟು ತುಂಬಿಕೊಂಡಿದೆ. ಸುತ್ತ ಸಣ್ಣ ಅಕ್ಷರ: '...ಅಂಡ್ ಸನ್ಸ್ ಲಿಮಿಟೆಡ್, ಲಂಡನ್'. ಮೊದಲ ಹೆಸರು ಸವೆದು ಹೋಗಿದೆ. ಒಂದು ಮೂಲೆಯಲ್ಲಿ ಬಂಗಾರದ ಬಣ್ಣ ಮಿಂಚುತ್ತೆ.

ತೊಳೆಯಬೇಡಿ ಅಂದಿದ್ದು ಒಳ್ಳೆಯದಾಯಿತು. ಹೋದ ವರ್ಷ ಒಂದು ದೊಡ್ಡ ಚಪ್ಪಟೆ ಗುಂಡಿ ಸಿಕ್ಕಿತ್ತು. ಮನೆಯಲ್ಲಿ ದೇವರ ದೀಪ ಬೆಳಗುವ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಿದೆ. ಐದು ನಿಮಿಷದಲ್ಲಿ ಕಿಲುಬಿನ ಜೊತೆ ಇದ್ದಬದ್ದ ಗಿಲೀಟೂ ಎದ್ದು ಹೋಯಿತು. ಕೆಂಪು ತಾಮ್ರ ಮಾತ್ರ ಉಳಿಯಿತು. ಅದನ್ನು ನೋಡಿದಾಗಲೆಲ್ಲ ಈಗಲೂ ಬೇಜಾರಾಗುತ್ತೆ.

ಗುಂಡಿಪೆಟ್ಟಿಗೆ

ಹುಣಸೆಹಣ್ಣು, ನಿಂಬೆ, ವಿನೆಗರ್ ಯಾವುದೂ ಬೇಡ. ಹುಳಿ ಕಿಲುಬನ್ನು ಕರಗಿಸುತ್ತೆ. ಗಿಲೀಟು ನಿಂತಿರೋದು ಎಷ್ಟೋ ಸಲ ಆ ಕಿಲುಬಿನ ಮೇಲೆಯೇ. ಕೆಳಗಿನದು ಹೋದರೆ ಮೇಲಿನದೂ ಬೀಳುತ್ತೆ. ಡಿಸ್ಟಿಲ್ಡ್ ನೀರು, ಮೆತ್ತನೆ ಬ್ರಷ್, ಬಿದಿರಿನ ಹಲ್ಲುಕಡ್ಡಿ ಇಷ್ಟು ಸಾಕು. ಆಮೇಲೆ ನೆರಳಲ್ಲಿ ಪೂರ್ತಿ ಒಣಗಬೇಕು. ಸೀಸ ಬೆರೆತ ಗುಂಡಿ ಮುಟ್ಟಿದರೆ ಕೈ ತೊಳೆದೇ ಊಟಕ್ಕೆ ಕೂರಬೇಕು.

ಈಗ ನಿಮ್ಮ ಹುಲಿ. 'ಲಿಮಿಟೆಡ್' ಅನ್ನೋ ಒಂದು ಪದ ಎಷ್ಟು ಕೆಲಸ ಮಾಡುತ್ತೆ ನೋಡಿ. ಬ್ರಿಟನ್ನಿನಲ್ಲಿ ಲಿಮಿಟೆಡ್ ಹೊಣೆಯ ಕಾಯ್ದೆ ಬಂದದ್ದು 1855ರಲ್ಲಿ. ಅದಕ್ಕಿಂತ ಹಳೆಯದು ಇದಲ್ಲ. ಇನ್ನು ಗುಲಾಬಿ ಇಲ್ಲ, 'ಶೈರ್' ಇದೆ ಅಂದರೆ ಲೆಸ್ಟರ್‌ಶೈರ್ ಇರಬೇಕು. ಅದು ಜಿಲ್ಲೆಯ ಹೆಸರು, 17 ಅನ್ನೋ ನಂಬರ್ ಇಲ್ಲ. ರೆಜಿಮೆಂಟುಗಳ ನಂಬರ್ ತೆಗೆದು ಜಿಲ್ಲೆಯ ಹೆಸರು ಮುಂದೆ ತಂದದ್ದು 1881ರ ಸುಧಾರಣೆಯಲ್ಲಿ. ಅಲ್ಲಿಗೆ 1881ರ ನಂತರದ್ದು ಅಂತ ಆಯಿತು. 1946ರಲ್ಲಿ ಹೆಸರಿಗೆ 'ರಾಯಲ್' ಸೇರಿತು. ಅದು ನಿಮ್ಮದರಲ್ಲಿ ಇಲ್ಲದಿದ್ದರೆ ಅದಕ್ಕಿಂತ ಮುಂಚಿನದು. ಗಿಲೀಟು ಇದೆ ಅಂದರೆ ಸಾಮಾನ್ಯ ಸಿಪಾಯಿಗಿಂತ ಅಧಿಕಾರಿಯದ್ದಾಗಿರುವ ಸಾಧ್ಯತೆ ಹೆಚ್ಚು. 1871ರಿಂದ ಬಹಳ ವರ್ಷ ಸಿಪಾಯಿಗಳ ಕೋಟಿಗೆ ಎಲ್ಲರಿಗೂ ಒಂದೇ ತರಹದ ರಾಜಲಾಂಛನದ ಹಿತ್ತಾಳೆ ಗುಂಡಿ ಇತ್ತು. ರೆಜಿಮೆಂಟಿನ ಸ್ವಂತ ಗುಂಡಿ ಅಧಿಕಾರಿಗಳಿಗೆ ಉಳಿಯಿತು.

ಮುಖ ಒಂದೇ ನೋಡಿದ್ದರೆ 1825 ಅಂದುಕೊಂಡು ಕೂರುತ್ತಿದ್ದೆವು.

ಹೊಲಿಗೆಮನೆ ಹುಡುಗಿ

ನಾನು ಡಿಟೆಕ್ಟರ್ ಮುಟ್ಟಿದವಳಲ್ಲ. ಆದರೂ ಬರೆಯದೆ ಇರಲು ಆಗಲಿಲ್ಲ. ನಮ್ಮ ತಂದೆ ದಾವಣಗೆರೆಯಲ್ಲಿ ಟೈಲರ್. ಚಿಕ್ಕವಳಿದ್ದಾಗ ಕಾಜಾ ಹಾಕೋದು, ಗುಂಡಿ ಹಚ್ಚೋದು ನನ್ನ ಕೆಲಸ.

ಕೊಂಡಿ ಬಗ್ಗಿದೆ ಅಂದಿರಲ್ಲ ಅಣ್ಣ, ಯಾವ ಕಡೆಗೆ ಬಗ್ಗಿದೆ? ದಪ್ಪ ಉಣ್ಣೆ ಬಟ್ಟೆಗೆ ತೂತಿನ ಗುಂಡಿ ಹಚ್ಚಿದರೆ ಬಟ್ಟೆ ಸುಕ್ಕಾಗುತ್ತೆ. ಅದಕ್ಕೇ ಕೋಟಿಗೆ ಕೊಂಡಿ ಇರೋ ಗುಂಡಿ ಬೇಕು. ಕೊಂಡಿಯಷ್ಟು ಜಾಗ ಬಿಟ್ಟರೆ ಮೇಲಿನ ಪದರ ಅದರ ಕೆಳಗೆ ಆರಾಮಾಗಿ ಕೂರುತ್ತೆ. ಎಳೆದು ಕಿತ್ತ ಗುಂಡಿಯ ಕೊಂಡಿ ಒಂದೇ ಕಡೆಗೆ ವಾಲಿರುತ್ತೆ. ದಾರ ಸವೆದು ತಾನಾಗಿ ಬಿದ್ದ ಗುಂಡಿಯ ಕೊಂಡಿ ನೆಟ್ಟಗೇ ಇರುತ್ತೆ.

ಇನ್ನೊಂದು ವಿಷಯ. ನಮ್ಮ ತಂದೆ ಡಾಕ್ಟರುಗಳ ಬಿಳಿ ಕೋಟು ಹೊಲಿಯುವಾಗ ಗುಂಡಿಯನ್ನು ದಾರದಿಂದ ಹೊಲಿಯುತ್ತಿರಲಿಲ್ಲ. ಬಟ್ಟೆಯಲ್ಲಿ ಸಣ್ಣ ತೂತು, ಅದರಲ್ಲಿ ಕೊಂಡಿ ತೂರಿಸಿ ಹಿಂದಿನಿಂದ ಉಂಗುರ ಹಾಕುತ್ತಿದ್ದರು. ಒಗೆಯುವಾಗ ಗುಂಡಿ ಬಿಚ್ಚಿಡಬಹುದು. ಬಿಸಿಲಿನ ನಾಡಿನಲ್ಲಿದ್ದ ಸೈನಿಕರ ಬಿಳಿ ಬಟ್ಟೆಗೂ ಇದೇ ತರಹ ಇತ್ತು. ನಿಮಗೆ ಹೊಲದಲ್ಲಿ ಎರಡು ಸುತ್ತಿನ ಸಣ್ಣ ಹಿತ್ತಾಳೆ ಉಂಗುರ ಸಿಕ್ಕರೆ ಬಿಸಾಡಬೇಡಿ, ಅದೂ ಗುಂಡಿಯ ಪಾಲೇ.

ಗುಂಡಿಪೆಟ್ಟಿಗೆ

ಅಕ್ಕ, ಇಷ್ಟು ವರ್ಷದಲ್ಲಿ ಅಂಥ ಉಂಗುರ ಕನಿಷ್ಠ ಹತ್ತು ಸಿಕ್ಕಿರಬಹುದು ನನಗೆ. ಕೀಲಿಕೈ ಗೊಂಚಲಿನದು ಅಂತ ಕಸದ ಚೀಲಕ್ಕೆ ಹಾಕಿದ್ದೇನೆ. ತುಂಬಾ ಥ್ಯಾಂಕ್ಸ್.

ನೀವು ಕೊಂಡಿಯ ಮಾತು ಎತ್ತಿದ್ದಕ್ಕೆ, ಹೊಸಬರಿಗಾಗಿ ಸ್ವಲ್ಪ ವಿವರ ಬರೆಯುತ್ತೇನೆ. ಇಲ್ಲಿ ಹೊಲಗಳಲ್ಲಿ ಸಿಗುವ ಗುಂಡಿಗಳಲ್ಲಿ ಮುಕ್ಕಾಲು ಪಾಲಿಗೆ ಮುಖದಲ್ಲಿ ಏನೂ ಇರೋದಿಲ್ಲ. ಅವುಗಳ ಕಾಲ ಹಿಡಿಯಲು ಕೊಂಡಿಯೇ ದಾರಿ.

ತೀರಾ ಹಳೆಯವು, ಅಂದರೆ 13–14ನೇ ಶತಮಾನದಿಂದ ಮುಂದಿನವು, ಕಡಲೆಕಾಳಿನಷ್ಟು ಚಿಕ್ಕವು, ಗಟ್ಟಿ. ಗುಂಡಿ ಮತ್ತು ಕೊಂಡಿ ಒಂದೇ ಎರಕ. 1700ರ ನಂತರ 'ಟಾಂಬ್ಯಾಕ್' ಗುಂಡಿ ಬರುತ್ತೆ. ತಾಮ್ರಕ್ಕೆ ಸತು ಬೆರೆಸಿದ ಬೂದು ಬಿಳಿ ಲೋಹ. ನೆಲದಲ್ಲಿ ಮುನ್ನೂರು ವರ್ಷ ಬಿದ್ದಿದ್ದರೂ ಹೆಚ್ಚು ಕಿಲುಬು ಹಿಡಿಯಲ್ಲ, ಮೊದಲ ಸಲ ನೋಡಿದವರು ಬೆಳ್ಳಿ ಅಂತಲೇ ಅಂದುಕೊಳ್ಳುತ್ತಾರೆ. ಬೆನ್ನು ತಿರುಗಿಸಿದರೆ ನಡುವೆ ಸಣ್ಣ ದಿಬ್ಬ, ಆ ದಿಬ್ಬದಿಂದ ತಂತಿ ಎದ್ದಿರುತ್ತೆ. ಆ ದಿಬ್ಬ ಕಂಡರೆ 18ನೇ ಶತಮಾನ ಅಂತ ಬರೆದುಕೊಳ್ಳಿ.

ಅದೇ ಶತಮಾನದ ಕೊನೆಗೆ ಗುಂಡಿ ಚಪ್ಪಟೆ ಆಯಿತು, ದೊಡ್ಡದಾಯಿತು. ಕೆಲವು ರೂಪಾಯಿ ನಾಣ್ಯಕ್ಕಿಂತ ಅಗಲ. ಗಂಡಸರು ಕೋಟಿನ ಮೇಲೆ ಹೊಳೆಯಲಿ ಅಂತ ಹಾಕಿಕೊಳ್ಳುತ್ತಿದ್ದರು. ಇದಕ್ಕೆ ತಂತಿಯ ಕೊಂಡಿ, ಬೆಸುಗೆ ಹಾಕಿದ್ದು. ಹೊಲಗಾರರು ಹುಣಸೆಹಣ್ಣಿನಲ್ಲಿ ತಿಕ್ಕಿದ್ದು ಇಂಥದ್ದೇ ಇರಬೇಕು. ಬೆನ್ನ ಮೇಲೆ 'ಟ್ರೆಬಲ್ ಗಿಲ್ಟ್', 'ಸ್ಟಾಂಡರ್ಡ್ ಕಲರ್', 'ರಿಚ್ ಆರೆಂಜ್' ಅಂತೆಲ್ಲ ಇದ್ದರೆ 19ನೇ ಶತಮಾನದ ಮೊದಲ ಅರ್ಧ. ಟ್ರೆಬಲ್ ಗಿಲ್ಟ್ ಅಂದರೆ ಮೂರು ಸಲ ಗಿಲೀಟು ಕೊಟ್ಟದ್ದು ಅಂತ ಗಿರಾಕಿಗೆ ಹೇಳುವ ಮಾತು.

ಈ ಗಿಲೀಟಿನ ಕೆಲಸ ಬಹುಪಾಲು ಬರ್ಮಿಂಗ್‌ಹ್ಯಾಮಿನಲ್ಲಿ ನಡೆಯುತ್ತಿತ್ತು. ಬಂಗಾರವನ್ನು ಪಾದರಸದಲ್ಲಿ ಕಲಸಿ, ಗುಂಡಿಗೆ ಸವರಿ, ಬೆಂಕಿಗೆ ಹಿಡಿಯುತ್ತಿದ್ದರು. ಪಾದರಸ ಹೊಗೆಯಾಗಿ ಹೋಗುತ್ತಿತ್ತು, ಬಂಗಾರ ಅಂಟಿಕೊಳ್ಳುತ್ತಿತ್ತು. ಆ ಹೊಗೆ ಕೆಲಸಗಾರರ ಎದೆಗೇ ಹೋಗುತ್ತಿತ್ತು. ಕೈನಡುಕ ಹತ್ತಿಸಿಕೊಂಡು ಬದುಕಿದವರು ಅವರು. ಹೊಳೆಯುವ ಗುಂಡಿ ಕೈಗೆ ಬಂದಾಗ ನನಗೆ ಕೋಟು ಹಾಕಿದವನಿಗಿಂತ ಅವರೇ ಹೆಚ್ಚು ನೆನಪಾಗುತ್ತಾರೆ. 1840ರಲ್ಲಿ ಅದೇ ಊರಿನ ಎಲ್ಕಿಂಗ್ಟನ್ ಅವರಿಗೆ ವಿದ್ಯುತ್ತಿನಿಂದ ಲೇಪ ಕೊಡುವ ಪೇಟೆಂಟ್ ಸಿಕ್ಕಿತು. ನಿಧಾನವಾಗಿ ಪಾದರಸದ ಒಲೆಗಳು ಆರಿದವು.

ಉಬ್ಬಿದ, ಒಳಗೆ ಟೊಳ್ಳಾದ, ಮುಖ ಬೇರೆ ಬೆನ್ನು ಬೇರೆ ತಗಡಿನಿಂದ ಮಾಡಿ ಅಂಚು ಮಡಚಿದ ಗುಂಡಿ ಇದೆಯಲ್ಲ, ನಿಮ್ಮ ಹುಲಿಯ ತರಹದ್ದು, ಅದು 1813ರ ನಂತರದ್ದು. ಬೆಂಜಮಿನ್ ಸ್ಯಾಂಡರ್ಸ್ ಅನ್ನುವವರು ಡೆನ್ಮಾರ್ಕಿನಿಂದ ಬರ್ಮಿಂಗ್‌ಹ್ಯಾಮಿಗೆ ಬಂದು ಆ ವಿಧಾನ ತಂದರು.

ನಾಲ್ಕು ತೂತಿನ ಹಿತ್ತಾಳೆ ಗುಂಡಿ ಅಂದರೆ ಪ್ಯಾಂಟಿನದು. ಅದು ಎಲ್ಲಾ ಕಡೆ ಸಿಗುತ್ತೆ.

ಮಂಡ್ಯ ಟು ಇಪ್ಸ್‌ವಿಚ್

ನಿಮ್ಮ ಬರಹ ಓದಿ ನನ್ನ ಡಬ್ಬಿ ತೆಗೆದೆ. ಸಫೋಕ್‌ನ ಒಂದು ಹೊಲದಲ್ಲಿ ಮೂರು ವರ್ಷದ ಹಿಂದೆ ಸಿಕ್ಕಿದ್ದು. ಬೂದು ಬಣ್ಣ, ಹಗುರ, ಬಾಗಿಸಿದರೆ ಬಾಗುವಷ್ಟು ಮೆತ್ತಗೆ. ಮುಖದಲ್ಲಿ '12' ಅಂತ ಮಾತ್ರ ಇದೆ. ಇದು ಯಾರದ್ದು?

ಗುಂಡಿಪೆಟ್ಟಿಗೆ

ದಯವಿಟ್ಟು ಬಾಗಿಸಬೇಡಿ. ಅದು ಪ್ಯೂಟರ್, ತವರಕ್ಕೆ ಸೀಸ ಬೆರೆಸಿದ್ದು. ಸಾಮಾನ್ಯ ಸಿಪಾಯಿಯ ಗುಂಡಿ.

1767ರಲ್ಲಿ ರಾಜಾಜ್ಞೆ ಆಯಿತು, ಪ್ರತಿ ರೆಜಿಮೆಂಟು ತನ್ನ ನಂಬರನ್ನು ಗುಂಡಿಯ ಮೇಲೆ ಹಾಕಬೇಕು ಅಂತ. 1855ರಲ್ಲಿ ಸಿಪಾಯಿಗಳ ಪ್ಯೂಟರ್ ಹೋಗಿ ಹಿತ್ತಾಳೆ ಬಂತು. ಹಾಗಾಗಿ ನಿಮ್ಮದು ಆ ಎರಡು ವರ್ಷಗಳ ನಡುವಿನದು.

12ನೇ ರೆಜಿಮೆಂಟ್ ಅಂದರೆ ಸಫೋಕ್‌ನವರೇ. ಈಗ ನೀವು ಮಂಡ್ಯದವರು ಅಂದಿರಿ, ಅದಕ್ಕೆ ಹೇಳುತ್ತೇನೆ. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ 12ನೆಯವರು ಇದ್ದರು. 33, 73, 74ನೆಯವರ ಜೊತೆ. 'ಸೆರಿಂಗಪಟಂ' ಅನ್ನೋದು ಅವರ ಯುದ್ಧಗೌರವಗಳಲ್ಲಿ ಒಂದು.

ಆದರೆ ಈ ಗುಂಡಿ ಕಾವೇರಿ ದಾಟಿತ್ತು ಅಂತ ಯಾರೂ ಹೇಳೋಕೆ ಆಗಲ್ಲ. 88 ವರ್ಷಗಳ ಅವಧಿ ಅದು. ಊರು ಬಿಟ್ಟು ಹೊರಡದ ಹುಡುಗನ ಕೋಟಿನದೂ ಆಗಿರಬಹುದು.

ಮಂಡ್ಯ ಟು ಇಪ್ಸ್‌ವಿಚ್

ಗೊತ್ತಾಯಿತು ಸರ್. ಆದರೂ ಓದಿ ಸುಮ್ನೆ ಕೂತುಬಿಟ್ಟೆ ಸ್ವಲ್ಪ ಹೊತ್ತು. ನಮ್ಮ ಅಜ್ಜಿ ಮನೆ ಗಂಜಾಂ. ಕೋಟೆ ಗೋಡೆ ಒಡೆದ ಜಾಗದ ಹತ್ತಿರ ಆಡಿಕೊಂಡು ಬೆಳೆದವನು ನಾನು. ಅದೇ 12 ಅನ್ನೋ ನಂಬರ್ ನನ್ನ ಅಂಗೈಯಲ್ಲಿ, ಇಲ್ಲಿ, ಸಫೋಕ್‌ನಲ್ಲಿ. ಬೇರೆ ಪೊಟ್ಟಣದಲ್ಲಿ ಹಾಕಿ ಇಟ್ಟಿದ್ದೇನೆ.

ಯಾರ್ಕ್‌ಶೈರ್ ಘಟ್ಟ

ಸೈನಿಕರ ಗುಂಡಿ ಹೊಲದಲ್ಲಿ ಯಾಕೆ ಸಿಗುತ್ತೆ ಅಂತ ಯಾರೂ ಕೇಳಲೇ ಇಲ್ಲ! ನಾನು ಹೇಳುತ್ತೇನೆ, ನಮ್ಮ ಜಿಲ್ಲೆಯ ಕಥೆ ಅದು.

ಇಲ್ಲಿ ಬ್ಯಾಟ್ಲಿ ಅಂತ ಊರಿದೆ. ಅಲ್ಲಿ 1813ರ ಸುಮಾರಿಗೆ ಬೆಂಜಮಿನ್ ಲಾ ಅನ್ನುವವರು ಹಳೆ ಉಣ್ಣೆ ಬಟ್ಟೆ ಹರಿದು, ಎಳೆ ಬಿಡಿಸಿ, ಹೊಸ ಉಣ್ಣೆ ಸೇರಿಸಿ ಮತ್ತೆ ಬಟ್ಟೆ ನೇಯುವ ದಾರಿ ಕಂಡುಹಿಡಿದರು. ಅದಕ್ಕೆ 'ಶಾಡಿ' ಅಂತ ಹೆಸರು. ಬ್ಯಾಟ್ಲಿ, ಡ್ಯೂಸ್‌ಬರಿಗೆ ಎಲ್ಲೆಲ್ಲಿಂದಲೋ ಚಿಂದಿ ಬರುತ್ತಿತ್ತು. ಸೈನ್ಯದ ಹಳೆ ಕೋಟುಗಳೂ ಬರುತ್ತಿದ್ದವು. ಗುಂಡಿ ಕತ್ತರಿಸಿ, ಹೊಲಿಗೆ ಬಿಚ್ಚಿ ಯಂತ್ರಕ್ಕೆ ಹಾಕುತ್ತಿದ್ದರು. ನೇಯಲು ಬಾರದ ಕಸ, ಧೂಳು, ಹೊಲಿಗೆ ಅಂಚು ಉಳಿಯುತ್ತಿತ್ತಲ್ಲ, ಅದನ್ನು ರೈತರಿಗೆ ಗೊಬ್ಬರಕ್ಕೆ ಮಾರುತ್ತಿದ್ದರು. ಉಣ್ಣೆಯಲ್ಲಿ ಸಾರಜನಕ ಇದೆ, ನಿಧಾನವಾಗಿ ಕೊಳೆಯುತ್ತೆ. ನಮ್ಮ ವೇಕ್‌ಫೀಲ್ಡ್ ಕಡೆಯ ರೂಬಾರ್ಬ್ ತೋಟಗಳಿಗೆ, ದೂರದ ಕೆಂಟ್‌ನ ಹಾಪ್ಸ್ (ಬಿಯರಿಗೆ ಹಾಕುವ ಹೂವು) ತೋಟಗಳಿಗೆ ಇದೇ ಗೊಬ್ಬರ ಹೋಗುತ್ತಿತ್ತು.

ಅದರ ಜೊತೆ ಗುಂಡಿಗಳೂ ಹೊಲ ಸೇರಿದವು. ಹಾಗಾಗಿ ಗುಂಡಿ ಸಿಕ್ಕ ಹೊಲದಲ್ಲಿ ಸೈನ್ಯ ಬೀಡು ಬಿಟ್ಟಿತ್ತು ಅಂತ ಊಹೆ ಮಾಡಬಾರದು. ನಾನು ಮೊದಲ ವರ್ಷ ಅದೇ ತಪ್ಪು ಮಾಡಿದೆ. ಒಂದೇ ಹೊಲದಲ್ಲಿ ಐದು ಬೇರೆ ಬೇರೆ ರೆಜಿಮೆಂಟಿನ ಗುಂಡಿ ಸಿಕ್ಕಾಗ ದೊಡ್ಡ ಶಿಬಿರವೇ ಇತ್ತು ಅಂತ ನಕ್ಷೆ ಬರೆದಿದ್ದೆ. ಅದು ಗೊಬ್ಬರದ ಗಾಡಿಯ ದಾರಿ.

ಲೆಸ್ಟರ್ ಹೊಲಗಾರ

ನಮ್ಮೂರಲ್ಲಿ ತಿಪ್ಪೆ ಗೊಬ್ಬರ ಹೊಲಕ್ಕೆ ಹೊಡೆದ ಮೇಲೆ ಉಳುವಾಗ ಒಡೆದ ಬಳೆ ಚೂರು, ಗೋಲಿ, ಸ್ಪೂನು ಮೇಲೆ ಬರುತ್ತಿದ್ದವು. ಅಪ್ಪ ಅವನ್ನು ಬದುವಿನ ಮೇಲೆ ಇಡುತ್ತಿದ್ದರು. ಓದುತ್ತಾ ಅದೇ ನೆನಪಾಯಿತು.

ಕೆಂಟ್ ಕಾಫಿ

ನಾನೂ ಒಂದು ಹೇಳಬೇಕು. ಹೋದ ಮಾರ್ಚ್‌ನಲ್ಲಿ ನನಗೆ ಉಗುರಿನಷ್ಟು ದೊಡ್ಡ ಬೆಳ್ಳಿ ಗುಂಡಿ ಸಿಕ್ಕಿತು. ಎರಡು ಹೃದಯ, ಮೇಲೆ ಕಿರೀಟ. ಕೈತೋಳಿನ ಗುಂಡಿಜೋಡಿಯ ಅರ್ಧ ಅದು. 1662ರಲ್ಲಿ ಇಂಗ್ಲೆಂಡಿನ ರಾಜ ಎರಡನೇ ಚಾರ್ಲ್ಸ್ ಮತ್ತು ಪೋರ್ಚುಗಲ್ ರಾಜಕುಮಾರಿ ಬ್ರಗಾಂಜಾದ ಕ್ಯಾಥರೀನ್ ಮದುವೆಯ ನೆನಪಿಗೆ ಇಂಥವು ಬಂದವು ಅಂತ ಗೊತ್ತಾಯಿತು. ಬಾಂಬೆ ಇಂಗ್ಲಿಷರಿಗೆ ಸಿಕ್ಕಿದ್ದು ಇದೇ ಮದುವೆಯ ಬಳುವಳಿಯಾಗಿ!

ಬೆಳ್ಳಿ ಗುಂಡಿ ಸಿಕ್ಕಿದವರು ಗಮನಿಸಿ. ಇಂಗ್ಲೆಂಡಿನಲ್ಲಿ 1996ರ ಟ್ರೆಷರ್ (ನಿಧಿ) ಕಾಯ್ದೆ ಇದೆ. 300 ವರ್ಷಕ್ಕಿಂತ ಹಳೆಯದಾಗಿ, ನೂರಕ್ಕೆ 10 ಭಾಗಕ್ಕಿಂತ ಕಡಿಮೆ ಇಲ್ಲದಷ್ಟು ಬೆಳ್ಳಿ ಅಥವಾ ಬಂಗಾರ ಇರೋ ವಸ್ತು ಸಿಕ್ಕರೆ 14 ದಿನದೊಳಗೆ ತಿಳಿಸಲೇಬೇಕು. ಒಂದೇ ಒಂದು ಗುಂಡಿ ಆದರೂ ಸರಿ. ನಾನು ನಮ್ಮ ಜಿಲ್ಲೆಯ ಫೈಂಡ್ಸ್ ಲಿಯೇಸನ್ ಆಫೀಸರ್ (ಜನರಿಗೆ ಸಿಕ್ಕ ಹಳೆಯ ವಸ್ತುಗಳನ್ನು ದಾಖಲು ಮಾಡುವ ಅಧಿಕಾರಿ) ಹತ್ತಿರ ಕೊಟ್ಟೆ. ಸ್ಕಾಟ್ಲೆಂಡಿನಲ್ಲಿ ಇರೋರು ಎಲ್ಲಾ ಹಳೆಯ ವಸ್ತುವನ್ನೂ ತಿಳಿಸಬೇಕು, ಅಲ್ಲಿನ ಕಾನೂನು ಬೇರೆ.

ಕಾವೇರಿ ದಂಡೆ

ನಮಸ್ತೆ. ಇದೆಲ್ಲ ಓದಿ ನನಗೂ ಆಸೆ ಆಗಿದೆ. ನಾನು ಶ್ರೀರಂಗಪಟ್ಟಣದಲ್ಲೇ ಇರೋದು. ಡಿಟೆಕ್ಟರ್ ಆನ್‌ಲೈನಲ್ಲಿ ಸಿಗುತ್ತೆ. ಕೋಟೆ ಹತ್ತಿರ ಬೆಳಗಿನ ಜಾವ ಒಂದು ರೌಂಡ್ ಹೋದರೆ ಇಂಥ ಗುಂಡಿ ಎಷ್ಟು ಸಿಗಬಹುದು?

ಗುಂಡಿಪೆಟ್ಟಿಗೆ

ತಮ್ಮಾ, ಬೇಡ. ಖಂಡಿತ ಬೇಡ.

ಅಲ್ಲಿನ ಕೋಟೆ, ಸುತ್ತಲಿನ ಸ್ಮಾರಕಗಳು ಸಂರಕ್ಷಿತ. 1958ರ ಕಾಯ್ದೆ ಪ್ರಕಾರ ಅಲ್ಲಿ ಅನುಮತಿ ಇಲ್ಲದೆ ಅಗೆಯುವ ಹಾಗಿಲ್ಲ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕು ಅಂತ 1878ರಿಂದಲೇ ಕಾಯ್ದೆ ಇದೆ. ನೂರು ವರ್ಷ ದಾಟಿದ ಪುರಾತನ ವಸ್ತುಗಳಿಗೆ 1972ರ ಕಾಯ್ದೆ ಬೇರೆ. ಇಂಗ್ಲೆಂಡಿನಲ್ಲೂ ಸಂರಕ್ಷಿತ ಜಾಗದಲ್ಲಿ ಡಿಟೆಕ್ಟರ್ ಹಿಡಿದು ಹೋದರೆ ಅಪರಾಧವೇ. ನಾವು ಹೋಗೋದು ಒಪ್ಪಿಗೆ ಇರೋ, ಉತ್ತು ಉತ್ತು ಮೇಲಿನ ಮಣ್ಣು ಕದಡಿದ ಹೊಲಕ್ಕೆ.

ಕಾನೂನು ಒಂದು ಕಡೆ ಇರಲಿ. ನಿಧಿ ಆಸೆಗೆ ನಮ್ಮ ಕಡೆ ಎಷ್ಟು ಗುಡಿಗಳ ಗರ್ಭಗುಡಿ ಅಗೆದಿದ್ದಾರೆ, ಎಷ್ಟು ಮೂರ್ತಿ ಒಡೆದಿದ್ದಾರೆ ನೀವೂ ನೋಡಿರುತ್ತೀರಿ. ನನಗೆ ಆ ವಿಷಯದಲ್ಲಿ ತುಂಬಾ ಸಂಕಟ ಇದೆ. ಒಂದು ವಸ್ತು ಎಲ್ಲಿ ಬಿದ್ದಿತ್ತು ಅನ್ನೋದು ಹೋದರೆ ಅರ್ಧ ವಿಷಯ ಹೋದ ಹಾಗೆ. ಒಂದು ಉದಾಹರಣೆ ಹೇಳುತ್ತೇನೆ. ಹೊಲಗಾರರ ಜಿಲ್ಲೆಯಲ್ಲೇ 1485ರ ಬಾಸ್ವರ್ತ್ ಯುದ್ಧ ನಡೆದದ್ದು. ಯುದ್ಧ ಒಂದು ಗುಡ್ಡದ ಮೇಲೆ ಆಯಿತು ಅಂತ ಬಹುಕಾಲ ನಂಬಿದ್ದರು. ಪುರಾತತ್ವದವರು ಮತ್ತು ಡಿಟೆಕ್ಟರ್ ಹಿಡಿದವರು ಕೂಡಿ ಹೊಲ ಹೊಲ ನಡೆದು, ಸಿಕ್ಕ ಪ್ರತಿ ಫಿರಂಗಿ-ಕೋವಿಯ ಸೀಸದ ಗುಂಡಿನ ಜಾಗ ಗುರುತು ಹಾಕಿದರು. ರಾಜ ಮೂರನೇ ರಿಚರ್ಡ್‌ನ ಗುರುತಾದ ಪುಟ್ಟ ಬೆಳ್ಳಿಯ ಕಾಡುಹಂದಿಯೂ ಸಿಕ್ಕಿತು. ಯುದ್ಧದ ಜಾಗ ಆ ಗುಡ್ಡದಿಂದ ಸುಮಾರು 3 ಕಿಲೋಮೀಟರ್ ಆಚೆ ಅಂತ 2010ರ ಹೊತ್ತಿಗೆ ಎಲ್ಲರಿಗೂ ತಿಳಿಯಿತು. ಆ ಹಂದಿಯನ್ನು ಯಾರೋ ಬೆಳಗಿನ ಜಾವ ಜೇಬಿಗೆ ಹಾಕಿಕೊಂಡು ಹೋಗಿದ್ದರೆ?

ನಿಮಗೆ ನಿಜವಾದ ಆಸಕ್ತಿ ಇದ್ದರೆ ಅಗೆಯದೆ ಮಾಡುವ ಕೆಲಸ ಬೇಕಾದಷ್ಟಿದೆ. ಊರಿನ ಹಳೆ ಟ್ರಂಕುಗಳನ್ನು ಹುಡುಕಿ.

ಕಾವೇರಿ ದಂಡೆ

ಆಯಿತು ಅಣ್ಣ. ಸುಮ್ನೆ ಆಸೆಗೆ ಕೇಳಿದೆ, ಇಷ್ಟೆಲ್ಲ ಇದೆ ಅಂತ ಗೊತ್ತಿರಲಿಲ್ಲ. ಡಿಟೆಕ್ಟರ್ ತಗೊಳ್ಳಲ್ಲ.

ಒಂಟಿಕೊಪ್ಪಲ್

ಟ್ರಂಕು ಅಂದಿರಿ, ತೆಗೆದೇ ಬಿಟ್ಟೆ. ನಮ್ಮ ತಾತ ಅರಮನೆಯಲ್ಲಿ ಕೆಲಸಕ್ಕಿದ್ದರು. ಅವರ ಕೋಟು ಇನ್ನೂ ಇದೆ. ಕರ್ಪೂರದ ಗುಳಿಗೆ ವಾಸನೆ. ಅಸ್ತರು ಹರಿದಿದೆ. ಎದೆಯ ಮೇಲೆ ಐದು ಹಿತ್ತಾಳೆ ಗುಂಡಿ, ಒಂದೊಂದರಲ್ಲೂ ಗಂಡಭೇರುಂಡ. ಎರಡು ತಲೆ, ಬಿಚ್ಚಿದ ರೆಕ್ಕೆ, ಗರಿಗಳನ್ನು ಒಂದೊಂದಾಗಿ ಎಣಿಸಬಹುದು. ಮೇಲಿನಿಂದ ಎರಡನೆಯದು ಮಾತ್ರ ಸವೆದು ನುಣುಪಾಗಿದೆ. ತಾತನಿಗೆ ಮಾತಾಡುವಾಗ ಆ ಗುಂಡಿಯನ್ನು ಹೆಬ್ಬೆರಳಿನಿಂದ ಉಜ್ಜುವ ಅಭ್ಯಾಸ ಇತ್ತು ಅಂತ ಅಮ್ಮ ಹೇಳಿದರು.

ನೀವು ಹೇಳಿದ ಹಾಗೆ ಬೆನ್ನು ನೋಡಿದೆ. ಹೊಲಿಗೆ ಬಿಚ್ಚದೆ ಸ್ವಲ್ಪ ಓರೆ ಮಾಡಿದರೆ 'ಬರ್ಮಿಂಗ್‌ಹ್ಯಾಮ್' ಅಂತ ಓದಲು ಬರುತ್ತೆ. ಗಂಡಭೇರುಂಡ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿ ಮೈಸೂರಿಗೆ ಬಂದಿದೆ!

ಗುಂಡಿಪೆಟ್ಟಿಗೆ

ಆಹಾ. ಸಂಸ್ಥಾನಗಳ ಗುಂಡಿ, ಬ್ಯಾಡ್ಜುಗಳನ್ನು ಅಲ್ಲಿಂದ ಮಾಡಿಸಿ ತರಿಸುತ್ತಿದ್ದರು. ದಯವಿಟ್ಟು ಕೋಟಿನಿಂದ ಬಿಚ್ಚಬೇಡಿ. ತಾತನ ಹೆಸರು, ಕೆಲಸ, ವರ್ಷ ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಡಿ. ಎರಡನೇ ಗುಂಡಿ ಯಾಕೆ ಸವೆದಿದೆ ಅನ್ನೋದನ್ನೂ ಬರೆಯಿರಿ. ನಮಗೆ ಹೊಲದಲ್ಲಿ ಸಿಗುವ ಯಾವ ಗುಂಡಿಗೂ ಆ ಭಾಗ್ಯ ಇಲ್ಲ.

ಹೊಲಿಗೆಮನೆ ಹುಡುಗಿ

ಹೊಲಗಾರ ಅಣ್ಣ, ಕೊಂಡಿಯ ಒಳಗೆ ಹಸಿರು ಗಂಟು ಇದೆ ಅಂದಿರಲ್ಲ, ಅದನ್ನು ಕಡ್ಡಿಯಿಂದ ಕೆದಕಿಲ್ಲ ತಾನೇ? ನನಗೆ ಅದರ ಮೇಲೇ ಕಣ್ಣು.

ಲೆಸ್ಟರ್ ಹೊಲಗಾರ

ಕೆದಕಿಲ್ಲ ಅಕ್ಕ. ನಿನ್ನೆ ಫೈಂಡ್ಸ್ ಆಫೀಸರ್ ಹತ್ತಿರ ಡಬ್ಬಿ ಸಮೇತ ಹೋಗಿದ್ದೆ. ಅವರು 1700ರ ನಂತರದ ಗುಂಡಿಗಳನ್ನು ಎಲ್ಲವನ್ನೂ ದಾಖಲು ಮಾಡೋದಿಲ್ಲ, ಆಯ್ದು ಮಾಡುತ್ತಾರೆ. ಆದರೆ ಡಬ್ಬಿಯ ತಳದಲ್ಲಿ ಕಡಲೆಕಾಳಿನಷ್ಟು ಒಂದು ಗಟ್ಟಿ ಗುಂಡಿ ಇತ್ತು. ಸರ್ ಹೇಳಿದ ಒಂದೇ ಎರಕದ್ದು. ಮಧ್ಯಯುಗದ್ದು ಇರಬೇಕು ಅಂತ ತೆಗೆದಿಟ್ಟುಕೊಂಡರು. ಎಲ್ಲಿ ಸಿಕ್ಕಿತು ಅಂತ ಕೇಳಿದರು. ನನಗೆ ಗೊತ್ತಿಲ್ಲ. 120 ಗುಂಡಿಯಲ್ಲಿ ಒಂದರ ಜಾಗವನ್ನೂ ಬರೆದಿಟ್ಟಿಲ್ಲ. ಮೂರು ಹೊಲದಲ್ಲಿ ಯಾವುದು ಅಂತಲೂ ಹೇಳಲು ಆಗಲಿಲ್ಲ. ಅವರು ಏನೂ ಅನ್ನಲಿಲ್ಲ, ಆದರೆ ನನಗೆ ತುಂಬಾ ನೋವಾಯಿತು. ವಾಪಸ್ ಬರುವಾಗ ಜಿಪ್ ಇರೋ ಸಣ್ಣ ಕವರ್ ಒಂದು ಕಟ್ಟು ತಂದಿದ್ದೇನೆ. ಇನ್ನು ಮುಂದೆ ಒಂದು ಗುಂಡಿಗೆ ಒಂದು ಕವರ್, ಮೇಲೆ ಫೋನಿನ ಗ್ರಿಡ್ ನಂಬರ್.

ಹುಲಿಯನ್ನು ಅವರು ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದರು. ಕೊಂಡಿಯ ಒಳಗಿನ ಹಸಿರು ಗಂಟು ಮಣ್ಣಲ್ಲ. ದಾರ! ತಾಮ್ರದ ಕಿಲುಬು ಸೂಕ್ಷ್ಮಜೀವಿಗಳನ್ನು ಹತ್ತಿರ ಬಿಡೋದಿಲ್ಲವಂತೆ, ಅದಕ್ಕೇ ದಾರ ಕೊಳೆತಿಲ್ಲ. ಪರದೆ ಮೇಲೆ ಕಂಡದ್ದನ್ನು ಫೋಟೋ ತೆಗೆದುಕೊಂಡು ಹಾಕಿದ್ದೇನೆ. ನೋಡಿ ಹೇಳಿ ಅಕ್ಕ.

ಹೊಲಿಗೆಮನೆ ಹುಡುಗಿ

ನೋಡಿದೆ. ಅಪ್ಪನಿಗೂ ತೋರಿಸಿದೆ, ಫೋನನ್ನು ಕಣ್ಣಿನ ಹತ್ತಿರ ಹಿಡಿದು ತುಂಬಾ ಹೊತ್ತು ನೋಡಿದರು.

ದಾರ ಕೊಂಡಿಯಲ್ಲಿ ಆರು ಸುತ್ತು ಹೋಗಿದೆ. ಮೇಲಿನಿಂದ ಅಡ್ಡ ಸುತ್ತಿ ಬಿಗಿ ಮಾಡಿದ್ದಾರೆ, ನಾವೂ ಹಾಗೇ ಮಾಡೋದು. ತುದಿ ನೋಡಿ. ಕತ್ತರಿ ಹಾಕಿದ್ದರೆ ಎಲ್ಲಾ ಎಳೆಯೂ ಒಂದೇ ಮಟ್ಟಕ್ಕೆ ಇರುತ್ತಿದ್ದವು. ಇಲ್ಲಿ ಉದ್ದ ಗಿಡ್ಡ ಇವೆ, ಪೊರಕೆ ತುದಿ ಹಾಗೆ. ಹಾಗಾಗಿ ಚಿಂದಿ ಮಿಲ್ಲಿನವರು ಕತ್ತರಿಸಿದ್ದಲ್ಲ ಅಂತ ಅಪ್ಪ ಹೇಳುತ್ತಾರೆ. ಕೊಂಡಿ ಒಂದು ಕಡೆ ವಾಲಿರೋದಕ್ಕೂ ಇದಕ್ಕೂ ತಾಳೆ ಆಗುತ್ತೆ. ಹಾಕಿಕೊಂಡಿದ್ದಾಗಲೇ ಯಾವುದಕ್ಕೋ ಸಿಕ್ಕಿ ಕಿತ್ತಿದೆ. ಬೇಲಿಯಿಂದ ಇಪ್ಪತ್ತು ಹೆಜ್ಜೆ ಅಂದಿರಿ ಅಲ್ವಾ? ಅದು ಯಾವ ಬೇಲಿ, ಮುಳ್ಳಿನದಾ? ಹಳೆಯದಾ?

ಲೆಸ್ಟರ್ ಹೊಲಗಾರ

ಮುಳ್ಳಿನದೇ ಅಕ್ಕ. ಹಾಥಾರ್ನ್. ನಡುವೆ ದಾಟಲು ಮರದ ಮೆಟ್ಟಿಲಿದೆ. ತಾತನ ಕಾಲದಿಂದಲೂ ಅದೇ ಜಾಗದಲ್ಲಿದೆ ಅಂತ ರೈತರು ಹೇಳಿದ್ದರು. ಭಾನುವಾರ ಮತ್ತೆ ಹೋಗುತ್ತೇನೆ. ಮೆಟ್ಟಿಲಿನಿಂದ ಗುಂಡಿ ಸಿಕ್ಕ ಜಾಗಕ್ಕೆ ಟೇಪ್ ಹಿಡಿದು ಅಳೆದು ಬರೆಯುತ್ತೇನೆ.